ಸಿಡ್, ಟಂಬಲ್‌ವೀಡ್, ಆರ್ಚ್, ಓಪನ್‌ಬಿಎಸ್‌ಡಿ: ಕರೆಂಟು ಹೋಗುವ ಊರಿನವರು ಯಾವುದನ್ನು ಹಾಕಿಕೊಳ್ಳಬೇಕು?

ಲಿಬ್ರೆಆಫೀಸ್ ತೆರೆಯಲು ಒತ್ತಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ಒಂದೇ ಸಾಲು ಬರುತ್ತದೆ: ಲಿಬ್‌ಐಸಿಯು ಎಂಬ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡು) 74ನೇ ಆವೃತ್ತಿಯ ಕಡತ ಸಿಗುತ್ತಿಲ್ಲ. ಹುಡುಕಿದರೆ 75 ಇದೆ, 74 ಇಲ್ಲ. ಹೊಸ ಆವೃತ್ತಿಗಳ ರುಚಿ ಹತ್ತಿದ ಲಿನಕ್ಸ್ ಬಳಕೆದಾರರು ಒಂದಲ್ಲ ಒಂದು ದಿನ ಇಂಥ ಸಾಲನ್ನು ಓದಿಯೇ ಓದುತ್ತಾರೆ. ಓದಿದ ಕೂಡಲೇ ಹಲವರು ಮಾಡುವ ಕೆಲಸವೆಂದರೆ 75ರ ಕಡತಕ್ಕೆ 74 ಎಂಬ ಹೆಸರಿನ ಕೊಂಡಿ ಹಾಕುವುದು. ಐಸಿಯು ವಿಷಯದಲ್ಲಿ ಆ ಉಪಾಯ ನಡೆಯುವುದಿಲ್ಲ. ಈ ಲೈಬ್ರರಿ ತನ್ನ ಫಂಕ್ಷನ್‌ಗಳ ಹೆಸರಿನ ಬಾಲಕ್ಕೇ ಆವೃತ್ತಿ ಸಂಖ್ಯೆಯನ್ನು ಅಂಟಿಸಿಕೊಂಡಿರುತ್ತದೆ. ಆದ್ದರಿಂದ ಕಡತ ಸಿಕ್ಕಿದರೂ ಒಳಗಿನ ಹೆಸರುಗಳು ಸಿಗುವುದಿಲ್ಲ, ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಇದು ಒಳ್ಳೆಯದೇ. ಬೇರೆ ಲೈಬ್ರರಿಗಳಲ್ಲಿ ಇದೇ ಕೊಂಡಿ ಕೆಲಸ ಮಾಡಿದಂತೆ ನಟಿಸಿ, ನೀವು ನಾಲ್ಕು ಪುಟ ಟೈಪು ಮಾಡಿ ಉಳಿಸಲು ಹೋದಾಗ ಕೈಕೊಡುತ್ತದೆ.

ಶಿರಸಿಯ ಡಿಟಿಪಿ ಅಂಗಡಿಯವರು, ಅಡಿಕೆ ವ್ಯಾಪಾರಿಗಳು, ಕಾರವಾರದಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಕಂಪ್ಯೂಟರ್ ಹಿಡಿದುಕೊಂಡು ಬಂದಾಗ ಕೇಳುವುದು ಒಂದೇ ಮಾತು: ‘ಅಣ್ಣ, ಎಲ್ಲಕ್ಕಿಂತ ಹೊಸದು ಯಾವುದು?’ ಈ ಪ್ರಶ್ನೆಯಿಂದ ಆಯ್ಕೆ ಮಾಡಲು ಬರುವುದಿಲ್ಲ. ಸಿಡ್ (ಡೆಬಿಯನ್ ಲಿನಕ್ಸ್‌ನ ಅಭಿವೃದ್ಧಿ ಆವೃತ್ತಿ), ಟಂಬಲ್‌ವೀಡ್, ಆರ್ಚ್, ಓಪನ್‌ಬಿಎಸ್‌ಡಿ ಎಲ್ಲವೂ ಹೊಸದನ್ನು ಬೇಗ ತಂದುಕೊಡುವ ಆಪರೇಟಿಂಗ್ ಸಿಸ್ಟಂಗಳು, ಹೊಸತನದಲ್ಲಿ ಇವುಗಳ ನಡುವೆ ದೊಡ್ಡ ಅಂತರವಿಲ್ಲ. ಮೂಲ ವ್ಯವಸ್ಥೆಯನ್ನೂ ಅದರ ಮೇಲಿನ ಪ್ಯಾಕೇಜುಗಳನ್ನೂ (ಹಾಕಿಕೊಳ್ಳಲು ಕಟ್ಟಿಟ್ಟ ಪ್ರೋಗ್ರಾಂಗಳು) ಒಟ್ಟಿಗೆ ಮುಂದಕ್ಕೆ ಒಯ್ಯುವ ಹೊಣೆ ಯಾರದು ಎಂದು ಕೇಳಬೇಕು. ಒಯ್ಯುವುದು ಅರ್ಧಕ್ಕೆ ನಿಂತರೆ ಹಿಂದಕ್ಕೆ ಬರುವ ದಾರಿ ಇದೆಯೇ ಎಂದೂ ಕೇಳಬೇಕು. ಬೆಂಗಳೂರಿನವರಿಗೆ ಎರಡನೆಯದು ಅಷ್ಟು ಮುಖ್ಯವಾಗದಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವ, ಫೈಬರ್ ಕಡಿದರೆ ಮೊಬೈಲ್ ಡೇಟಾದ ದಿನದ ಮಿತಿಯಲ್ಲೇ ಕೆಲಸ ಮುಗಿಸಬೇಕಾದ ನಮ್ಮ ಜಿಲ್ಲೆಯಲ್ಲಿ ಅದೇ ಮೊದಲ ಪ್ರಶ್ನೆ. ದೊಡ್ಡ ಅಪ್‌ಡೇಟಿನ ನಡುವೆ ಕರೆಂಟು ಹೋಗುವುದೆಂದರೆ ಅರ್ಧ ಹೆಂಚು ಇಳಿಸಿಟ್ಟಾಗ ಆಷಾಢದ ಮಳೆ ಹಿಡಿದಂತೆ.

ಹೊಂದಾಣಿಕೆ ತಪ್ಪುವುದು ಎಲ್ಲಿ?

ಲೈಬ್ರರಿಯೊಂದು ತನ್ನ ಒಳಗಿನ ಕರಾರನ್ನು ಮುರಿಯುವಂತೆ ಬದಲಾದಾಗ ಅದರ ಕಡತದ ಹೆಸರಿನ ಸಂಖ್ಯೆಯೂ ಬದಲಾಗುತ್ತದೆ. ಅದನ್ನು ನಂಬಿದ ಪ್ಯಾಕೇಜುಗಳನ್ನೆಲ್ಲ ಆಗ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಮೂಲ ಕೋಡಿನಿಂದ ಓಡುವ ರೂಪಕ್ಕೆ ತರಬೇಕು. ಸ್ಥಿರ ಆವೃತ್ತಿಯಲ್ಲಿ ಈ ಕೆಲಸ ಬಿಡುಗಡೆಗೆ ಮೊದಲೇ ಮುಗಿದಿರುತ್ತದೆ. ಅಭಿವೃದ್ಧಿ ಆವೃತ್ತಿಯಲ್ಲಿ ನಿಮ್ಮ ಕಣ್ಣೆದುರಿಗೇ ನಡೆಯುತ್ತಿರುತ್ತದೆ.

ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ಆತುಕೊಂಡಿರುವ ಮೂಲ ಸಿ ಲೈಬ್ರರಿ ಜಿಲಿಬ್‌ಸಿಯದು ಸ್ವಲ್ಪ ಬೇರೆ ಕಥೆ. ಹಳೆಯ ಜಿಲಿಬ್‌ಸಿಗೆ ಕಂಪೈಲ್ ಮಾಡಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ, ಹೊಸದಕ್ಕೆ ಮಾಡಿದ್ದು ಹಳೆಯದರಲ್ಲಿ ಓಡುವ ಖಾತ್ರಿಯಿಲ್ಲ. ಮನೆಯಲ್ಲಿ ಸಿಡ್ ಹಾಕಿಕೊಂಡ ವಿದ್ಯಾರ್ಥಿನಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಪುಟ್ಟ ಪ್ರಾಜೆಕ್ಟನ್ನು ಪೆನ್‌ಡ್ರೈವಿನಲ್ಲಿ ಕಾಲೇಜಿಗೆ ಒಯ್ಯುತ್ತಾಳೆ. ಪ್ರಯೋಗಾಲಯದಲ್ಲಿ ಉಬುಂಟು 22.04 ಇದೆ, ಅದರ ಜಿಲಿಬ್‌ಸಿ 2.35. ಅಕ್ಷರಸಾಲಿನಿಂದ ಅಂಕಿ ಓದುವ ಸಾಮಾನ್ಯ ಫಂಕ್ಷನ್ ಒಂದನ್ನು ಬಳಸಿದ್ದರೂ ಸಾಕು, ‘ಜಿಲಿಬ್‌ಸಿ 2.38 ಬೇಕು’ ಎಂಬ ಉತ್ತರ ಬರುತ್ತದೆ. ಆ ಫಂಕ್ಷನ್‌ಗಳಿಗೆ 2.38ರಲ್ಲಿ ಹೊಸ ಹೆಸರಿನ ರೂಪಗಳು ಬಂದವು, ಹೊಸ ಯಂತ್ರದಲ್ಲಿ ಕಂಪೈಲ್ ಮಾಡಿದಾಗ ಆ ಹೆಸರುಗಳೇ ಸೇರಿಕೊಳ್ಳುತ್ತವೆ. ಅವಳ ಪ್ರೋಗ್ರಾಂನಲ್ಲಿ ದೋಷವಿಲ್ಲ. ಮೂಲ ಕಡತವನ್ನು ಒಯ್ದು ಅಲ್ಲೇ ಕಂಪೈಲ್ ಮಾಡಿದರೆ ಮುಗಿಯಿತು. ಆದರೆ ಮೌಖಿಕ ಪರೀಕ್ಷೆಗೆ ಹತ್ತು ನಿಮಿಷ ಇರುವಾಗ ಇದು ಯಾರಿಗೂ ಹೊಳೆಯುವುದಿಲ್ಲ.

ಡೆಬಿಯನ್: ಸಿಡ್ ಮತ್ತು ಟೆಸ್ಟಿಂಗ್

ನಮ್ಮ ಕಡೆ ಹೆಚ್ಚು ಜನ ಎಡವುವುದು ಇಲ್ಲೇ, ಏಕೆಂದರೆ ದಾರಿ ತೀರಾ ಸುಲಭ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಮೂಲಗಳ ಪಟ್ಟಿಯಲ್ಲಿ ಒಂದು ಪದ ಬದಲಿಸಿದರೆ ಸಿಡ್ ಬಂತು.

ಸಿಡ್‌ನಲ್ಲಿ ಪ್ಯಾಕೇಜುಗಳು ಬಿಡಿಬಿಡಿಯಾಗಿ ಬರುತ್ತವೆ. ಲೈಬ್ರರಿ ಇವತ್ತು, ಅದನ್ನು ಬಳಸುವ ಇಪ್ಪತ್ತು ಪ್ಯಾಕೇಜುಗಳಲ್ಲಿ ಹತ್ತು ನಾಳೆ, ಉಳಿದವು ಅವುಗಳ ನಿರ್ವಾಹಕರಿಗೆ ಬಿಡುವಾದಾಗ. ನಡುವಿನ ದಿನಗಳಲ್ಲಿ ಡೆಬಿಯನ್‌ನ ಪ್ಯಾಕೇಜು ಸಾಧನ ಎಪಿಟಿ ನಿಮ್ಮ ಮುಂದೆ ಒಂದು ಪಟ್ಟಿ ಇಡುತ್ತದೆ: ‘ಈ ಪ್ಯಾಕೇಜುಗಳನ್ನು ತೆಗೆದುಹಾಕಲಾಗುವುದು’. ಸಿಡ್ ಬಳಸಬಲ್ಲವರಿಗೂ ಬಳಸಬಾರದವರಿಗೂ ಇರುವ ವ್ಯತ್ಯಾಸ ಆ ಪಟ್ಟಿಯನ್ನು ಓದುವುದರಲ್ಲಿದೆ. 2024ರ ಮೊದಲ ತಿಂಗಳುಗಳಲ್ಲಿ ಓದದೆ ವೈ ಒತ್ತಿದವರ ಡೆಸ್ಕ್‌ಟಾಪೇ ಹೋಗುವ ಪರಿಸ್ಥಿತಿ ಇತ್ತು. 32 ಬಿಟ್ ಯಂತ್ರಗಳ ಕಾಲಗಣನೆ 2038ರ ಜನವರಿಯಲ್ಲಿ ಮುಗಿದುಹೋಗುವುದನ್ನು ತಪ್ಪಿಸಲು ಡೆಬಿಯನ್ ಆಗ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಟಿ64’ ಎಂದು ಸೇರಿಸಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿಸಿತು. 64 ಬಿಟ್ ಲ್ಯಾಪ್‌ಟಾಪ್‌ಗಳಿಗೆ ತಾಂತ್ರಿಕವಾಗಿ ಈ ಬದಲಾವಣೆ ಬೇಕಿರಲಿಲ್ಲ, ಆದರೆ ಪ್ಯಾಕೇಜಿನ ಹೆಸರು ಎಲ್ಲ ಕಡೆಯೂ ಬದಲಾಯಿತಲ್ಲ, ಸಂಕಟ ಎಲ್ಲರಿಗೂ ಬಂತು. ವಾರಗಟ್ಟಲೆ ಸಿಡ್‌ನಲ್ಲಿ ಸುಮ್ಮನೆ ಕುಳಿತಿರುವುದೇ ಬುದ್ಧಿವಂತಿಕೆಯಾಗಿತ್ತು.

ಹಳೆಯ ನುಡಿ ಅಕ್ಷರಗಳ ಕಡತಗಳನ್ನು ತೆರೆಯಲು ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಇಟ್ಟುಕೊಂಡಿರುವ ಡಿಟಿಪಿಯವರಿಗೆ ಸಿಡ್‌ನಲ್ಲಿ ಇನ್ನೊಂದು ಕಾಟವಿದೆ. 32 ಬಿಟ್ ವೈನ್‌ಗೆ ಬೇಕಾದ ಲೈಬ್ರರಿಗಳು 64 ಬಿಟ್ ಲೈಬ್ರರಿಗಳ ಜೊತೆ ಅಕ್ಷರಶಃ ಒಂದೇ ಆವೃತ್ತಿಯಲ್ಲಿರಬೇಕು. ಎರಡೂ ಬೇರೆ ಬೇರೆ ಯಂತ್ರಗಳಲ್ಲಿ ಕಂಪೈಲ್ ಆಗುತ್ತವೆ. ಒಂದು ಮೊದಲು ಬಂದು ಇನ್ನೊಂದು ತಡವಾದರೆ ಎಪಿಟಿ ವೈನ್ ಅನ್ನೇ ಕಿತ್ತುಹಾಕಲು ಹೊರಡುತ್ತದೆ. ಮದುವೆ ಕರೆಯೋಲೆಗಳ ಹಂಗಾಮಿನಲ್ಲಿ ಇದನ್ನು ಅನುಭವಿಸುವ ಅಗತ್ಯ ಯಾರಿಗೂ ಇಲ್ಲ.

ಟೆಸ್ಟಿಂಗ್ ಇದಕ್ಕಿಂತ ಸಭ್ಯ. ಸಿಡ್‌ನಲ್ಲಿ ಕೆಲವು ದಿನ, ಸಾಮಾನ್ಯವಾಗಿ 2ರಿಂದ 10, ಗಂಭೀರ ದೋಷ ಕಾಣದೆ ಉಳಿದದ್ದು ಮಾತ್ರ ಇಲ್ಲಿಗೆ ಇಳಿಯುತ್ತದೆ. ಇಳಿಯುವ ಮುನ್ನ ಅದರಿಂದ ಬೇರೆಯದರ ಅನುಸ್ಥಾಪನೆ ಕೆಡುತ್ತದೆಯೇ ಎಂದು ಒಂದು ಪ್ರೋಗ್ರಾಂ ಪರೀಕ್ಷಿಸುತ್ತದೆ. ಆದ್ದರಿಂದ ಲೈಬ್ರರಿಯೂ ಅದರ ಬಳಗವೂ ಬಹುಮಟ್ಟಿಗೆ ಒಟ್ಟಿಗೆ ಬರುತ್ತವೆ. ಇದಕ್ಕೂ ಬೆಲೆ ಇದೆ. ಬಳಗದಲ್ಲಿ ಒಂದಕ್ಕೆ ತೊಡಕಾದರೆ ಉಳಿದವೂ ಕಾಯಬೇಕು, ಭದ್ರತೆಯ ತೇಪೆಗಳೂ ಅವುಗಳ ಜೊತೆ ಕಾಯುತ್ತವೆ. ದೋಷ ಬಗೆಹರಿಯದ ಪ್ಯಾಕೇಜನ್ನು ಟೆಸ್ಟಿಂಗ್‌ನಿಂದ ತೆಗೆದುಬಿಡುವುದೂ ಉಂಟು. ಹೊಸ ಸ್ಥಿರ ಆವೃತ್ತಿ ಹೊರಬಂದ ಕೂಡಲೇ ಟೆಸ್ಟಿಂಗ್‌ಗೆ ಸೇರಬೇಡಿ, ಏಕೆಂದರೆ ತಿಂಗಳುಗಟ್ಟಲೆ ತಡೆಹಿಡಿದಿದ್ದ ಬದಲಾವಣೆಗಳೆಲ್ಲ ಆಗ ಒಮ್ಮೆಗೇ ನುಗ್ಗುತ್ತವೆ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು. ನಮ್ಮಲ್ಲಿ ಮಳೆ ಇನ್ನೂ ಬಿಟ್ಟಿರದ ಕಾಲ.

ಎಲ್ಲಕ್ಕಿಂತ ಕೆಟ್ಟ ಆಯ್ಕೆ ಸ್ಥಿರ ಡೆಬಿಯನ್‌ಗೆ ಸಿಡ್‌ನ ಒಂದು ಸಾಲು ಸೇರಿಸಿ ‘ಒಂದೇ ಒಂದು ಪ್ಯಾಕೇಜು’ ತೆಗೆದುಕೊಳ್ಳುವುದು. ಆ ಒಂದು ಪ್ಯಾಕೇಜು ಹೊಸ ಜಿಲಿಬ್‌ಸಿಯನ್ನು ಎಳೆದು ತರುತ್ತದೆ, ಅದು ಇನ್ನೇನನ್ನೋ ತರುತ್ತದೆ. ಸ್ವಲ್ಪ ದಿನದಲ್ಲಿ ನಿಮ್ಮದು ಸ್ಥಿರವೂ ಅಲ್ಲ, ಸಿಡ್ಡೂ ಅಲ್ಲ. ಇಂಥ ಕಸಿ ಮಾಡಿದ ವ್ಯವಸ್ಥೆಯನ್ನು ಯಾರೂ ಪರೀಕ್ಷಿಸಿರುವುದಿಲ್ಲ, ಹಾಗಾಗಿ ಯಾರನ್ನು ಕೇಳಿದರೂ ಸಹಾಯ ಸಿಗುವುದಿಲ್ಲ.

ಇಡಿಯಾಗಿ ಸಾಗುವವು

ಓಪನ್‌ಸೂಸೆ ಲಿನಕ್ಸ್‌ನ ಟಂಬಲ್‌ವೀಡ್ ಬಿಡಿ ಪ್ಯಾಕೇಜುಗಳನ್ನು ಹೊರಗೆ ಬಿಡುವುದಿಲ್ಲ. ಲೈಬ್ರರಿ ಬದಲಾದರೆ ಅದನ್ನು ನಂಬಿದವನ್ನೆಲ್ಲ ಕಂಪೈಲ್ ಮಾಡಿ, ಇಡೀ ಸಂಗ್ರಹವನ್ನು ಓಪನ್‌ಕ್ಯೂಎ ಎಂಬ ಸ್ವಯಂಚಾಲಿತ ಪರೀಕ್ಷೆಯಲ್ಲಿ ಓಡಿಸುತ್ತಾರೆ. ಅಲ್ಲಿ ಯಂತ್ರವೇ ಅನುಸ್ಥಾಪನೆ ಮಾಡಿ, ಡೆಸ್ಕ್‌ಟಾಪ್ ತೆರೆದು, ಪರದೆಯ ಚಿತ್ರ ಸರಿಯಾಗಿದೆಯೇ ಎಂದು ನೋಡುತ್ತದೆ. ಪಾಸಾದರೆ ಆ ಸಂಗ್ರಹ ಒಂದು ಸ್ನ್ಯಾಪ್‌ಶಾಟ್ ಆಗಿ ಹೊರಬರುತ್ತದೆ. ನೀವು ಅದರ ಪ್ಯಾಕೇಜು ಸಾಧನ ಝಿಪ್ಪರ್‌ಗೆ ‘ಝಿಪ್ಪರ್ ಡಪ್’ ಎಂದು ಹೊಡೆದು ಒಂದು ಸ್ನ್ಯಾಪ್‌ಶಾಟಿನಿಂದ ಇನ್ನೊಂದಕ್ಕೆ ಇಡಿಯಾಗಿ ದಾಟುತ್ತೀರಿ. ‘ಝಿಪ್ಪರ್ ಅಪ್’ ಇಲ್ಲಿಗೆ ಹೇಳಿದ್ದಲ್ಲ.

ನಮಗೆ ಇಲ್ಲಿ ಮುಖ್ಯವಾದದ್ದು ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಮತ್ತು ಅದರ ಹಿಂದಿನ ಸ್ಥಿತಿಗಳನ್ನು ಉಳಿಸಿಡುವ ಸ್ನ್ಯಾಪರ್ ಜೋಡಿ. ಅಪ್‌ಡೇಟಿಗೆ ಮುಂಚಿನ ಸ್ಥಿತಿ ತಾನಾಗಿಯೇ ಉಳಿದಿರುತ್ತದೆ. ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಬೂಟ್ ಪಟ್ಟಿಯಲ್ಲಿ ಹಿಂದಿನದನ್ನು ಆರಿಸಿ ಒಳಗೆ ಹೋಗಬಹುದು, ಅದನ್ನೇ ಕಾಯಂ ಮಾಡಬಹುದು. ಹೋಮ್ ಕಡತಕೋಶ ಇದರಲ್ಲಿ ಸೇರುವುದಿಲ್ಲ, ಆದ್ದರಿಂದ ನಿನ್ನೆ ಬರೆದ ಲೆಕ್ಕ ಹಿಂದಕ್ಕೆ ಹೋಗುವ ಭಯವಿಲ್ಲ. ಘಟ್ಟದ ಮೇಲೆ ಅಭಿವೃದ್ಧಿ ಆವೃತ್ತಿಯೇ ಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು.

ಎರಡು ಎಚ್ಚರಿಕೆ. ವಿಡಿಯೊ ಕೋಡೆಕ್‌ಗಳಿಗಾಗಿ ಪ್ಯಾಕ್‌ಮ್ಯಾನ್ ಎಂಬ ಹೊರಗಿನ ಭಂಡಾರವನ್ನು ಬಹುತೇಕರು ಸೇರಿಸಿಕೊಳ್ಳುತ್ತಾರೆ. ಅದು ಓಪನ್‌ಕ್ಯೂಎ ಪರೀಕ್ಷೆಯ ಹೊರಗಿರುವ ಭಂಡಾರ. ವಿಡಿಯೊ ಲೈಬ್ರರಿ ಎಫ್‌ಎಫ್‌ಎಂಪೆಗ್ ಬದಲಾದಾಗ ಅದು ಹಿಂದುಳಿದರೆ, ಝಿಪ್ಪರ್ ‘ಈ ಲೈಬ್ರರಿಯನ್ನು ಯಾರೂ ಒದಗಿಸುತ್ತಿಲ್ಲ’ ಎಂದು ಹೇಳಿ ಮೂರು ನಾಲ್ಕು ದಾರಿ ತೋರಿಸುತ್ತದೆ. ಆ ದಿನ ಯಾವ ದಾರಿಯನ್ನೂ ಆರಿಸಬೇಡಿ. ರದ್ದು ಮಾಡಿ, ಎರಡು ದಿನ ಬಿಟ್ಟು ನೋಡಿ. ಎರಡನೆಯದು ಡೌನ್‌ಲೋಡಿನ ಗಾತ್ರ. ಜಿಸಿಸಿ ಕಂಪೈಲರ್‌ನಂಥ ಬುಡದ ಪ್ಯಾಕೇಜು ಬದಲಾದಾಗ ಸಾವಿರಗಟ್ಟಲೆ ಪ್ಯಾಕೇಜುಗಳು ಮತ್ತೆ ಬರುತ್ತವೆ, ಮೊಬೈಲ್ ಹಾಟ್‌ಸ್ಪಾಟ್‌ನವರು ಅಂದು ಕಣ್ಣೀರು ಹಾಕುತ್ತಾರೆ. ಇದೇ ಓಪನ್‌ಸೂಸೆಯ ಸ್ಲೋರೋಲ್‌ನಲ್ಲಿ ದೊಡ್ಡ ಬದಲಾವಣೆಗಳು ತಿಂಗಳಿಗೊಮ್ಮೆಯ ಲೆಕ್ಕದಲ್ಲಿ ಬರುತ್ತವೆ, ಡೇಟಾ ಕಡಿಮೆ ಇರುವವರು ಅದನ್ನು ನೋಡಬಹುದು.

ಫೆಡೋರಾ ಲಿನಕ್ಸ್‌ನ ಅಭಿವೃದ್ಧಿ ಆವೃತ್ತಿ ರಾಹೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೈಬ್ರರಿ ಬದಲಾವಣೆಯನ್ನು ಮುಂಚಿತವಾಗಿ ಸಾರಿ, ಬಳಗವನ್ನೆಲ್ಲ ಪಕ್ಕದಲ್ಲಿ ಕಂಪೈಲ್ ಮಾಡಿ ಒಟ್ಟಿಗೆ ಒಳಗೆ ಬಿಡುವ ಶಿಸ್ತು ಅಲ್ಲಿ ಇದೆ, ಹಿಂದೆ ಇದ್ದಷ್ಟು ಭೀಕರ ಅದು ಈಗಲ್ಲ. ಆದರೆ ಪ್ರತಿ ಬಿಡುಗಡೆಗೂ ಮೊದಲು ಇಡೀ ಭಂಡಾರವನ್ನೇ ಮರುಕಂಪೈಲ್ ಮಾಡುತ್ತಾರೆ, ಅಂದರೆ ವರ್ಷಕ್ಕೆರಡು ಬಾರಿ ಸರಿಸುಮಾರು ಎಲ್ಲವೂ ಮತ್ತೆ ಡೌನ್‌ಲೋಡ್. ಹೊಸ ಗ್ನೋಮ್ ಡೆಸ್ಕ್‌ಟಾಪ್ ಬೇಕು ಎಂಬುದಷ್ಟೇ ನಿಮ್ಮ ಆಸೆಯಾದರೆ ಸಾಮಾನ್ಯ ಫೆಡೋರಾವೇ ಆರು ತಿಂಗಳಿಗೊಮ್ಮೆ ತಂದುಕೊಡುತ್ತದೆ.

ಆರ್ಚ್ ಅಭಿವೃದ್ಧಿ ಆವೃತ್ತಿಯಲ್ಲ, ಬಿಡುಗಡೆಯಾದದ್ದನ್ನೇ ಕೂಡಲೇ ಕೊಡುವ ವ್ಯವಸ್ಥೆ. ಆದರೂ ಈ ಪಟ್ಟಿಯಲ್ಲಿ ಅದಕ್ಕೆ ಜಾಗ ಬೇಕು, ಏಕೆಂದರೆ ಮೊದಲ ಪ್ಯಾರಾದಲ್ಲಿ ಹೇಳಿದ ಐಸಿಯು ಸಾಲು ಅಲ್ಲಿ ಬಹಳ ಸಲ ಬಳಕೆದಾರನೇ ತಂದುಕೊಂಡದ್ದಾಗಿರುತ್ತದೆ. ಪ್ಯಾಕೇಜುಗಳ ಪಟ್ಟಿಯನ್ನು ಮಾತ್ರ ಹೊಸದು ಮಾಡಿ ಒಂದೇ ಪ್ಯಾಕೇಜನ್ನು ಹಾಕಿದರೆ, ಅಂದರೆ ಆರ್ಚ್‌ನ ಪ್ಯಾಕೇಜು ಸಾಧನ ಪ್ಯಾಕ್‌ಮನ್‌ಗೆ ಎಸ್ ವೈ ಯು ಬದಲು ಬರೀ ಎಸ್ ವೈ ಕೊಟ್ಟರೆ, ಆ ಒಂದು ಪ್ಯಾಕೇಜಿನ ಜೊತೆ ಹೊಸ ಲೈಬ್ರರಿ ಬರುತ್ತದೆ, ಉಳಿದ ಹಳೆಯ ಪ್ಯಾಕೇಜುಗಳು ಕಣ್ಣು ಬಿಡುತ್ತ ನಿಲ್ಲುತ್ತವೆ. ಭಾಗಶಃ ಅಪ್‌ಗ್ರೇಡಿಗೆ ಬೆಂಬಲವಿಲ್ಲ ಎಂದು ಆರ್ಚ್‌ನವರು ನೇರವಾಗಿಯೇ ಹೇಳಿದ್ದಾರೆ. ಬಳಕೆದಾರರೇ ನಡೆಸುವ ಎಯುಆರ್ ಭಂಡಾರದಿಂದ ತಂದದ್ದು ನಿಮ್ಮ ಜವಾಬ್ದಾರಿ. ಪೈಥಾನ್ 3.12 ಹೋಗಿ 3.13 ಬಂದ ದಿನ ಅವುಗಳನ್ನು ನೀವೇ ಮರುಕಂಪೈಲ್ ಮಾಡಬೇಕು.

ಓಪನ್‌ಬಿಎಸ್‌ಡಿ ಸ್ನ್ಯಾಪ್‌ಶಾಟ್

ಕಲಿಯಬೇಕೆಂಬ ಹಟವಿದ್ದವರಿಗೆ ಇದರಷ್ಟು ಸ್ಪಷ್ಟವಾಗಿ ಹೊಂದಾಣಿಕೆಯ ಪಾಠ ಹೇಳುವ ವ್ಯವಸ್ಥೆ ಇನ್ನೊಂದಿಲ್ಲ. ಇದು ಲಿನಕ್ಸ್ ಅಲ್ಲ, ಯುನಿಕ್ಸ್ ವಂಶದ ಬೇರೆ ವ್ಯವಸ್ಥೆ. ಇಲ್ಲಿ ಕರ್ನಲ್ (ಯಂತ್ರಭಾಗಗಳನ್ನು ನಡೆಸುವ ತಿರುಳು), ಸಿ ಲೈಬ್ರರಿ, ಕಂಪೈಲರ್ ಎಲ್ಲ ಸೇರಿ ಒಂದೇ ಬುಡ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದವು ಅದರ ಮೇಲಿನ ಪ್ಯಾಕೇಜುಗಳು. ಆರು ತಿಂಗಳಿಗೊಂದು ಬಿಡುಗಡೆ, ನಡುವೆ ಸ್ನ್ಯಾಪ್‌ಶಾಟ್‌ಗಳು. ಬುಡ ಬೇಗ ಕಂಪೈಲ್ ಆಗುತ್ತದೆ. ಸಾವಿರಾರು ಪ್ಯಾಕೇಜುಗಳು ಸಾಮಾನ್ಯ 64 ಬಿಟ್ ಪಿಸಿಗೂ ಕೆಲವು ದಿನ ತೆಗೆದುಕೊಳ್ಳುತ್ತವೆ, ಇತರ ಬಗೆಯ ಯಂತ್ರಗಳಿಗೆ ಇನ್ನೂ ಹೆಚ್ಚು. ಆದ್ದರಿಂದ ಕಡತಗಳನ್ನು ಹಂಚುವ ಮಿರರ್ ಸರ್ವರ್‌ನಲ್ಲಿ ಇವತ್ತಿನ ಬುಡವೂ ಮೊನ್ನೆಯ ಬುಡಕ್ಕೆ ಹೊಂದುವ ಪ್ಯಾಕೇಜುಗಳೂ ಒಟ್ಟಿಗೆ ಇರುವುದು ಸಹಜ.

ಆಗ ಬರುವ ಸಂದೇಶವನ್ನು ಓದಲು ಕಲಿತರೆ ಅರ್ಧ ಗೆದ್ದಂತೆ. ಅದು ಪ್ಯಾಕೇಜು ಕೇಳುವ ಲೈಬ್ರರಿಯ ಸಂಖ್ಯೆಯನ್ನೂ ನಿಮ್ಮಲ್ಲಿರುವ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಚುಕ್ಕೆಗೆ ಮೊದಲಿನದು ಮೇಜರ್, ನಂತರದ್ದು ಮೈನರ್. ಮೇಜರ್ ಎರಡೂ ಕಡೆ ಒಂದೇ ಇರಬೇಕು, ಮೈನರ್ ನಿಮ್ಮಲ್ಲಿ ಅಷ್ಟೇ ಅಥವಾ ಹೆಚ್ಚು ಇರಬೇಕು. ‘ಮೈನರ್ ಚಿಕ್ಕದಾಯಿತು’ ಎಂದರೆ ನಿಮ್ಮ ಬುಡ ಹಳೆಯದು, ‘ಸಿಸ್‌ಅಪ್‌ಗ್ರೇಡ್’ ಆಜ್ಞೆಗೆ ಎಸ್ ಗುರುತು ಕೊಟ್ಟು ಬುಡವನ್ನು ಮುಂದಕ್ಕೆ ಒಯ್ಯಿರಿ. ‘ಮೇಜರ್ ಸರಿಯಿಲ್ಲ’ ಎಂದರೆ ಅಂಕಿಗಳನ್ನು ಹೋಲಿಸಿ. ಪ್ಯಾಕೇಜು ಕೇಳುವುದು ನಿಮ್ಮದಕ್ಕಿಂತ ದೊಡ್ಡದಾದರೆ ಮತ್ತೆ ನಿಮ್ಮ ಬುಡವೇ ಹಿಂದಿದೆ. ಚಿಕ್ಕದಾದರೆ ಪ್ಯಾಕೇಜುಗಳು ಹಿಂದಿವೆ, ನೀವು ಮಾಡಬಹುದಾದದ್ದು ಚಹಾ ಕುಡಿದು ಕಾಯುವುದು. ಅಲ್ಲಿಯವರೆಗೆ ಈಗಾಗಲೇ ಇರುವ ಪ್ಯಾಕೇಜುಗಳು ಬಹುಮಟ್ಟಿಗೆ ಓಡುತ್ತಲೇ ಇರುತ್ತವೆ, ಏಕೆಂದರೆ ಅಪ್‌ಗ್ರೇಡ್ ಹಳೆಯ ಲೈಬ್ರರಿ ಕಡತಗಳನ್ನು ಅಳಿಸುವುದಿಲ್ಲ. ‘ಸಿಸ್‌ಕ್ಲೀನ್’ ತೋರಿಸುವ ಹಳೆಯ ಲೈಬ್ರರಿಗಳನ್ನು ಪ್ಯಾಕೇಜುಗಳೆಲ್ಲ ಹೊಸದಾಗುವ ಮುನ್ನ ಅಳಿಸಬೇಡಿ.

ಬಿಡುಗಡೆ ಹತ್ತಿರವಾದಾಗ ಒಂದು ಗೊಂದಲ ತಪ್ಪದೆ ಬರುತ್ತದೆ. ಸ್ನ್ಯಾಪ್‌ಶಾಟ್ ತನ್ನನ್ನು ಬಿಡುಗಡೆಯಾದ ಆವೃತ್ತಿ ಎಂದೇ ಕರೆದುಕೊಳ್ಳತೊಡಗುತ್ತದೆ. ಪ್ಯಾಕೇಜು ಸೇರಿಸುವ ಆಜ್ಞೆ ಅದನ್ನು ನಂಬಿ, ಇನ್ನೂ ಹುಟ್ಟಿರದ ಬಿಡುಗಡೆಯ ಕಡತಕೋಶವನ್ನು ಹುಡುಕಿ, ಏನೂ ಸಿಗಲಿಲ್ಲ ಎನ್ನುತ್ತದೆ. ‘ಡಿ ಸ್ನ್ಯಾಪ್’ ಎಂದು ಜೊತೆಗೆ ಹೇಳಿದರೆ ಸರಿಯಾದ ಕಡೆ ನೋಡುತ್ತದೆ.

ಇಷ್ಟು ಹೊಗಳಿದ ಮೇಲೂ ಕರಾವಳಿಯ ಮುಖ್ಯ ಯಂತ್ರಕ್ಕೆ ಇದನ್ನು ಹೇಳಲಾರೆ. ಅದರ ಕಡತ ವ್ಯವಸ್ಥೆ ಎಫ್‌ಎಫ್‌ಎಸ್‌ಗೆ ಜರ್ನಲಿಂಗ್ (ಬರಹ ಅರ್ಧಕ್ಕೆ ನಿಂತರೆ ಸರಿಪಡಿಸಲು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಹಿಂದಿನ ಸ್ಥಿತಿಗೆ ಮರಳುವ ಗುಂಡಿಯೂ ಇಲ್ಲ. ಬ್ಯಾಟರಿ ಗಟ್ಟಿಯಿರುವ ಎರಡನೆಯ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಿ.

ಇದರ ಸೋದರ ಫ್ರೀಬಿಎಸ್‌ಡಿಯ ಅಭಿವೃದ್ಧಿ ಆವೃತ್ತಿಯಲ್ಲಿ ಝಡ್‌ಎಫ್‌ಎಸ್ ಬೂಟ್ ಎನ್ವಿರಾನ್‌ಮೆಂಟ್ (ಬೂಟ್ ಮಾಡಬಲ್ಲ, ಉಳಿಸಿಟ್ಟ ಹಿಂದಿನ ಸ್ಥಿತಿ) ಇರುವುದರಿಂದ ಹಿಂದಕ್ಕೆ ಬರುವುದು ಸುಲಭ. ಆದರೆ ಅದರ ಕರ್ನಲ್ ದೋಷಪತ್ತೆಯ ಭಾರ ಹೊತ್ತು ನಿಧಾನವಾಗಿರುತ್ತದೆ. ಪ್ಯಾಕೇಜು ನಿಮ್ಮ ವ್ಯವಸ್ಥೆಗಿಂತ ಹೊಸದಕ್ಕೆ ಕಂಪೈಲ್ ಆಗಿದೆ ಎಂಬ ತಕರಾರನ್ನು ಕಡೆಗಣಿಸುವ ಸ್ವಿಚ್ ಒಂದನ್ನು ಆ ಸಂದೇಶವೇ ತೋರಿಸುತ್ತದೆ. ಒಮ್ಮೆ ಒತ್ತಿದರೆ ಚಟವಾಗುತ್ತದೆ. ಬುಡವನ್ನು ಹೊಸದು ಮಾಡುವುದೇ ಸರಿಯಾದ ಮದ್ದು.

ಕರೆಂಟು, ಡೇಟಾ, ಭದ್ರತೆ

ಇಳಿಸಿಕೊಳ್ಳುವುದನ್ನೂ ಹಾಕುವುದನ್ನೂ ಬೇರ್ಪಡಿಸಿ. ಎಪಿಟಿ, ಝಿಪ್ಪರ್ ಎರಡರಲ್ಲೂ ಡೌನ್‌ಲೋಡ್ ಮಾತ್ರ ಮಾಡುವ ಆಯ್ಕೆ ಇದೆ. ರಾತ್ರಿ ಇಳಿಸಿಟ್ಟು, ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರುವಾಗ ಹಾಕಬಹುದು. ಆರ್ಚ್‌ನಲ್ಲಿ ಮಾತ್ರ ಹುಷಾರಾಗಿರಿ. ಅಲ್ಲಿ ಇಳಿಸುವಾಗಲೇ ಪಟ್ಟಿ ಹೊಸದಾಗಿರುತ್ತದೆ, ಪೂರ್ತಿ ಹಾಕುವ ಮುನ್ನ ಇನ್ನೊಂದು ಬಿಡಿ ಪ್ಯಾಕೇಜು ಸೇರಿಸಿದರೆ ಮೇಲೆ ಹೇಳಿದ ಭಾಗಶಃ ಅಪ್‌ಗ್ರೇಡೇ ಆಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಳೆಗಾಲ ಮುಗಿಯುವವರೆಗೆ ಸಿಡ್, ರಾಹೈಡ್ ಯಾವುದೂ ಬೇಡ.

ಹೊಸದೆಂದರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆಗೆ 2024ರ ಮಾರ್ಚ್ 29 ಒಳ್ಳೆಯ ಉತ್ತರ. ಕಡತ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಅಡಗಿಸಿಟ್ಟಿದ್ದನ್ನು ಇಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅಂದು ಬಯಲು ಮಾಡಿದರು. ತಮ್ಮ ಡೆಬಿಯನ್ ಸಿಡ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ಬೇರೆ ಯಂತ್ರದಿಂದ ಒಳಹೋಗುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬ ಅನುಮಾನದ ಬೆನ್ನು ಹತ್ತಿ ಹೋದದ್ದು. ಸಿಡ್, ಟೆಸ್ಟಿಂಗ್, ಟಂಬಲ್‌ವೀಡ್, ರಾಹೈಡ್ ಎಲ್ಲಕ್ಕೂ ಆ ಲೈಬ್ರರಿ ತಲುಪಿತ್ತು. ಡೆಬಿಯನ್ ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಅಭಿವೃದ್ಧಿ ಆವೃತ್ತಿಯವರು ಹೊಸ ತೇಪೆಯನ್ನೂ ಮೊದಲು ಪಡೆಯುತ್ತಾರೆ, ಹೊಸ ವಿಷವನ್ನೂ ಮೊದಲು ಕುಡಿಯುತ್ತಾರೆ.

ಹೆಚ್ಚಿನವರಿಗೆ ಸಾಕಾಗುವುದು

ಕೇಳುವವರಲ್ಲಿ ಬಹುಪಾಲು ಜನರಿಗೆ ಬೇಕಿರುವುದು ಹೊಸ ಆಪರೇಟಿಂಗ್ ಸಿಸ್ಟಂ ಅಲ್ಲ, ಹೊಸ ಒಂದೆರಡು ಪ್ರೋಗ್ರಾಂಗಳು. ಅವರು ಡೆಬಿಯನ್ ಸ್ಥಿರ ಆವೃತ್ತಿಯನ್ನು ಹಾಕಿ, ಡಿಸ್ಟ್ರೋಬಾಕ್ಸ್ ಎಂಬ ಸಾಧನದ ಮೂಲಕ ಒಂದು ಕಂಟೇನರ್‌ನಲ್ಲಿ (ತನ್ನದೇ ಲೈಬ್ರರಿಗಳಿರುವ ಪ್ರತ್ಯೇಕ ಡಬ್ಬಿ) ಸಿಡ್ ಅಥವಾ ರಾಹೈಡ್ ಇಟ್ಟುಕೊಳ್ಳಲಿ. ಹೊಸ ಕಂಪೈಲರ್, ಹೊಸ ಲೈಬ್ರರಿಗಳೆಲ್ಲ ಒಳಗೆ ಇರುತ್ತವೆ. ಕೆಟ್ಟರೆ ಕಂಟೇನರ್ ಅಳಿಸಿ ಇನ್ನೊಂದು ಮಾಡಿದರಾಯಿತು, ಹೊರಗಿನ ಯಂತ್ರ ಅಲುಗುವುದಿಲ್ಲ. ಹೊಸ ಲಿಬ್ರೆಆಫೀಸ್ ಮಾತ್ರ ಸಾಕೆಂದರೆ ಫ್ಲಾಟ್‌ಪ್ಯಾಕ್ ರೂಪದ ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ, ಐಸಿಯು ತಕರಾರು ಏಳುವುದಿಲ್ಲ. ಡಿಸ್ಕ್ ಜಾಗ ತಿನ್ನುತ್ತದೆ, ಅಷ್ಟೇ. ಕನ್ನಡದ ನೋಟೊ, ಲೋಹಿತ್ ಫಾಂಟುಗಳಿಗೆ ಈ ಯಾವ ಜಂಜಾಟವೂ ಇಲ್ಲ. ಅವು ಕೇವಲ ದತ್ತಾಂಶ, ಹೊಸ ಫಾಂಟಿಗಾಗಿ ವ್ಯವಸ್ಥೆಯನ್ನೇ ಬದಲಿಸಬೇಡಿ.

ಡಿಟಿಪಿ ಅಂಗಡಿಗೆ ಸ್ಥಿರ ಆವೃತ್ತಿಯೇ ಸರಿ ಎನ್ನಲು ಪ್ರಿಂಟರ್ ಡ್ರೈವರ್ ಒಂದೇ ಸಾಕು. ತಯಾರಕರು ಎಂದೋ ಒಮ್ಮೆ ಕಂಪೈಲ್ ಮಾಡಿ ಕೈತೊಳೆದುಕೊಂಡ ಡ್ರೈವರ್‌ಗಳು ಹಳೆಯ ಲೈಬ್ರರಿಗಳನ್ನೇ ಕೇಳುತ್ತವೆ. ಅವುಗಳ ಮೂಲ ನಮ್ಮ ಕೈಯಲ್ಲಿಲ್ಲ, ಮರುಕಂಪೈಲ್ ಮಾಡುವ ಮಾತೇ ಇಲ್ಲ. ಸಿಡ್‌ನಲ್ಲಿ ಹಳೆಯ ಲೈಬ್ರರಿ ಹೋದ ದಿನ ಪ್ರಿಂಟರೂ ಹೋಯಿತು. ಸಹಕಾರಿ ಸಂಘದ, ಅಡಿಕೆ ಮಂಡಿಯ ಲೆಕ್ಕದ ಯಂತ್ರಗಳಿಗೂ ಇದೇ ಮಾತು.

ಕಂಟೇನರ್‌ಗೆ ಒಂದು ಮಿತಿ ಇದೆ: ಕರ್ನಲ್ ಹೊರಗಿನದೇ. ತೀರಾ ಹೊಸ ಲ್ಯಾಪ್‌ಟಾಪಿನ ವೈಫೈ, ಗ್ರಾಫಿಕ್ಸ್ ಹಿಡಿಯದಿದ್ದರೆ ಕಂಟೇನರ್ ಏನೂ ಮಾಡಲಾರದು. ಅದಕ್ಕಾಗಿ ಸಿಡ್‌ಗೆ ಹಾರುವ ಮೊದಲು ಡೆಬಿಯನ್ ಬ್ಯಾಕ್‌ಪೋರ್ಟ್ಸ್ ನೋಡಿ. ಟೆಸ್ಟಿಂಗ್‌ನ ಕರ್ನಲನ್ನು ಸ್ಥಿರ ಆವೃತ್ತಿಯ ಲೈಬ್ರರಿಗಳಿಗೇ ಹೊಂದುವಂತೆ ಅಲ್ಲಿ ಮರುಕಂಪೈಲ್ ಮಾಡಿಟ್ಟಿರುತ್ತಾರೆ. ಜೊತೆಗೆ ಫರ್ಮ್‌ವೇರ್ (ಯಂತ್ರಭಾಗಗಳೊಳಗೆ ಓಡುವ ತಂತ್ರಾಂಶ) ಪ್ಯಾಕೇಜುಗಳನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ಹೊಸ ಕರ್ನಲ್ ಇದ್ದೂ ವೈಫೈ ಬಾರದಿದ್ದರೆ ಬಹಳ ಸಲ ಇಲ್ಲದಿರುವುದು ಫರ್ಮ್‌ವೇರೇ.